ದಂಡಿನ ಊರಿನ ಕಪ್ಪು ಗಾಲಿಗಳು

ಮೊನ್ನೆ ಭಾನುವಾರ ಶಿವಾಜಿನಗರದ ಗುಜರಿ ಅಂಗಡಿಗಳ ಕಡೆ ಹೋಗಿದ್ದೆ. ಕಾರಿನ ನಾಲ್ಕೂ ಅಲಾಯ್ ಗಾಲಿಗಳನ್ನು ಬದಲಾಯಿಸಿಬಿಡೋಣ ಅನ್ನೋ ಯೋಚನೆ. ಕೊಂಡಾಗ ಅವು ಹೊಳಪಿಲ್ಲದ ಅಚ್ಚ ಕಪ್ಪು, ಮ್ಯಾಟ್ ಬ್ಲ್ಯಾಕ್ ಅಂತಾರಲ್ಲ, ಅದು. ನಾಲ್ಕೇ ವರ್ಷಕ್ಕೆ ಬೂದಿ ಬಳಿದ ಹಾಗಾಗಿದ್ದವು. ಸರಿಮಾಡಿಸೋಣ ಅಂತ ತೊಳೆಯಲು ಒಂದು ಕಡೆ ಬಿಟ್ಟರೆ, ಆಸಿಡ್ ಹಾಕಿ ಉಜ್ಜಿ ಒಂದು ಗಾಲಿಗೆ ಬಿಳಿ ಮಚ್ಚೆ ಬರಿಸಿ ಕೊಟ್ಟರು! ಹೊಸ ಸೆಟ್ಟಿನ ಬೆಲೆ ಕೇಳಿದರೆ ತಿಂಗಳ ಮನೆ ಖರ್ಚು ನೆನಪಾಯಿತು. ಗುಜರಿ ಅಂಗಡಿಯ ಚಾಚಾ ಫೋಟೋ ನೋಡಿ, "ಗಾಲಿ ಗಟ್ಟಿ ಐತಲ್ಲ ಸಾರ್, ಹೋಗಿರೋದು ಬಣ್ಣ. ಬಣ್ಣಕ್ಕೋಸ್ಕರ ಯಾಕೆ ಗಾಲಿ ಎಸೀತೀರಾ?" ಅಂದರು. ವ್ಯಾಪಾರ ಬಿಟ್ಟು ಹೀಗೆ ಹೇಳಿದ್ದಕ್ಕೆ ಅವರಿಗೊಂದು ಸಲಾಮು.

ವಾಪಸ್ ಬರುವಾಗ ತಲೆಗೆ ಹುಳ ಹೊಕ್ಕಿತು. ಈ ಗಾಲಿಗೆ ಕಪ್ಪು ಬಂದದ್ದಾದರೂ ಹೇಗೆ?

ನಮ್ಮ ಹಳ್ಳಿಗಳ ಎತ್ತಿನ ಗಾಡಿಗೆ ಕಪ್ಪು ಅಂದರೆ ಕೀಲೆಣ್ಣೆ. ಅದು ಅಚ್ಚಿಗೆ ಹಾಕುವಂಥದ್ದು, ಅಲಂಕಾರವಲ್ಲ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಪಕ್ಕಕ್ಕೆ ಬಂತು. ಜೊತೆಗೆ ಫಿರಂಗಿ ಗಾಡಿ, ಸಾಮಾನಿನ ಗಾಡಿ, ದೊರೆಗಳ ಸಾರೋಟು ಎಲ್ಲಾ ಬಂದವು. ಇನ್‌ಫೆಂಟ್ರಿ ರೋಡ್ ಅನ್ನೋ ಹೆಸರು ಇವತ್ತಿಗೂ ಇದೆ, ಕ್ಯಾವಲ್ರಿ ರೋಡು ಕಾಮರಾಜ ರಸ್ತೆಯಾಗಿದೆ. ಆ ಕಾಲದ ಗಾಲಿಯೆಂದರೆ ಮರದ ಅರೆಕಾಲು, ಸುತ್ತ ಕಬ್ಬಿಣದ ಪಟ್ಟಿ. ನೀರು ಕುಡಿದರೆ ಮರ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ. ಬಣ್ಣ ಬಳಿಯುತ್ತಿದ್ದದ್ದು ಮೊದಲಿಗೆ ಇದನ್ನು ತಡೆಯೋಕೆ.

ಮೋಟಾರು ಕಾರು ಬಂದ ಮೇಲೂ ಸ್ವಲ್ಪ ಕಾಲ ಮರದ ಗಾಲಿಯೇ ಓಡಿತು. ಇಂಗ್ಲೆಂಡಿನ ಜೋಸೆಫ್ ಸ್ಯಾಂಕಿ ಕಂಪನಿ 1908ರ ಸುಮಾರಿಗೆ ಉಕ್ಕಿನ ತಗಡನ್ನು ಒತ್ತಿ, ಬೆಸುಗೆ ಹಾಕಿ ಗಾಲಿ ಮಾಡಿತು. (ನಮ್ಮ ಸ್ಯಾಂಕಿ ಕೆರೆಯ ಸ್ಯಾಂಕಿ ಬೇರೆ, ಅವರು ಕರ್ನಲ್ ರಿಚರ್ಡ್ ಸ್ಯಾಂಕಿ. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.) ಉಕ್ಕಿಗೆ ತುಕ್ಕಿನ ಭಯ, ಹಾಗಾಗಿ ಬಣ್ಣ ಬೇಕೇ ಬೇಕು. ಕಪ್ಪು ಅಗ್ಗ, ಬಾಳಿಕೆ ಜಾಸ್ತಿ, ಕೊಳೆಯೂ ಕಾಣಲ್ಲ. ಫೋರ್ಡ್ ಕಂಪನಿಯಂತೂ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನೇ ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಮಾರಲಿಲ್ಲ.

ನನ್ನ ಅಪ್ಪ ಕೆ.ಆರ್.ಪುರದ ಹತ್ತಿರ, 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿದ್ದರು. ಆಯುಧಪೂಜೆಯ ಹಿಂದಿನ ದಿನ ಸ್ಕೂಟರಿನ ಗಾಲಿ ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತುಕ್ಕು ಉಜ್ಜಿ, ಕಪ್ಪು ಪೇಂಟು ಬಳೀತಿದ್ದರು. ಚೆಂದ ಕಾಣಲಿ ಅಂತಲ್ಲ, ಇನ್ನೊಂದು ಮಳೆಗಾಲ ತಡೀಲಿ ಅಂತ.

ಅಲ್ಯೂಮಿನಿಯಂ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. 1924ರಲ್ಲಿ ಬುಗಾಟಿಯ ರೇಸ್ ಕಾರು, ಟೈಪ್ 35, ಅಲ್ಯೂಮಿನಿಯಂ ಎರಕದ ಗಾಲಿ ಹಾಕಿಕೊಂಡು ಬಂತು. 1940ರಲ್ಲಿ ಎಚ್ಎಎಲ್ ಶುರುವಾದ ನಮ್ಮ ಪೂರ್ವ ಬೆಂಗಳೂರಿಗೆ ಈ ಲೋಹ ಹೊಸದೇನಲ್ಲ. ಇದಕ್ಕೆ ಕಬ್ಬಿಣದಂತೆ ಕೆಂಪು ತುಕ್ಕು ಬರಲ್ಲ. ಈಗ ಕಪ್ಪು ಬಹುಪಾಲು ಚೆಂದಕ್ಕೆ. ಕೊಳೆ ಮುಚ್ಚೋಕೆ ಬಂದ ಬಣ್ಣವನ್ನೇ ಈಗ ಕೊಳೆಯಿಂದ ಕಾಪಾಡಬೇಕು, ನೋಡಿ!

ಅದರಲ್ಲೂ ಮ್ಯಾಟ್ ಅಂದರೆ ಭಾರೀ ನಾಜೂಕು. ಅದರ ಮೇಲ್ಮೈ ಕಣ್ಣಿಗೆ ಕಾಣದಷ್ಟು ಒರಟು, ಬೆಳಕು ಚದುರಿಹೋಗುವುದರಿಂದಲೇ ಹೊಳಪಿಲ್ಲ. ಆ ಒರಟಿನ ಸಂದಿಯಲ್ಲಿ ಬ್ರೇಕಿನ ಕಬ್ಬಿಣದ ಪುಡಿ ಬಿಸಿಬಿಸಿಯಾಗಿ ಕೂರುತ್ತೆ. ಬೋರ್‌ವೆಲ್ ನೀರಿನ ಸುಣ್ಣ ಒಣಗಿ ಬಿಳಿಯಾಗುತ್ತೆ. ಇದರ ಮೇಲೆ ಬಿಸಿಲು ಬಣ್ಣವನ್ನೇ ಪುಡಿಮಾಡುತ್ತೆ. ಪಾಲಿಶ್ ತಿಕ್ಕಿದರೆ ಅಲ್ಲಲ್ಲಿ ಮಿಂಚು, ವ್ಯಾಕ್ಸ್ ಹಚ್ಚಿದರೆ ಬಿಳಿ ಕಲೆ. ಆಸಿಡ್ ಅಂತೂ ಬಣ್ಣವನ್ನೂ ತಿನ್ನುತ್ತೆ, ಒಳಗಿನ ಲೋಹವನ್ನೂ.

ನಾನು ಮಾಡಿದ್ದು ಇಷ್ಟೇ. ನೆರಳಲ್ಲಿ, ಗಾಲಿ ಪೂರ್ತಿ ತಣ್ಣಗಾದ ಮೇಲೆ, ಕ್ಷಾರವೂ ಆಮ್ಲವೂ ಅಲ್ಲದ ಕಾರ್ ಶಾಂಪೂ, ಮೆತ್ತನೆ ಬ್ರಶ್ಶು. ಆಮೇಲೆ ಕಬ್ಬಿಣದ ಪುಡಿ ಕರಗಿಸುವ ದ್ರಾವಣ. ಪುಡಿ ತಾಗಿದ ಕಡೆ ನೇರಳೆ ಬಣ್ಣ ಇಳಿಯುತ್ತೆ, ಅದು ಒಣಗೋ ಮುಂಚೆ ತೊಳೆದುಬಿಡಬೇಕು. ಒಣಬಟ್ಟೆಯಲ್ಲಿ ಒರೆಸಿ ಮ್ಯಾಟಿಗೆಂದೇ ಸಿಗುವ ಸೀಲೆಂಟ್ ಹಚ್ಚಿದೆ. ಮೂರು ಗಾಲಿಗಳ ಕಪ್ಪು ವಾಪಸ್ ಬಂತು. ನಾಲ್ಕನೆಯದರಲ್ಲಿ ಬಣ್ಣವೇ ಉಳಿದಿರಲಿಲ್ಲ. ಟೈರ್ ಬಿಚ್ಚಿಸಿ, ಮರಳು ಕಾಗದ ಹಾಕಿ, ಪ್ರೈಮರ್ ಮೇಲೆ ಹೊಸ ಮ್ಯಾಟ್ ಕಪ್ಪು ಹೊಡೆಸಿದೆ. ಹೊಡೆಸುವ ಮುಂಚೆ ಬಿರುಕು ಇದೆಯಾ ನೋಡಿಸಿದೆ. ಬಿರುಕಿನ ಮೇಲೆ ಬಣ್ಣ ಮುಚ್ಚಿದರೆ ಹೋಗೋದು ಕಾರಷ್ಟೇ ಅಲ್ಲ, ಪ್ರಾಣ.

ಈಗ ಕೆರೆಯ ಸ್ಯಾಂಕಿ. ದಂಡಿನ ಊರಿಗೆ ನೀರು ಸಾಲದೆ 1882ರಲ್ಲಿ ಅವರು ಕೆರೆ ಕಟ್ಟಿಸಿದರು. ಕಾವೇರಿ ಬೆಂಗಳೂರಿಗೆ ಬಂದದ್ದು 1974ರಲ್ಲಿ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷ ಮಾರ್ಚಿಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆಗ ನಮ್ಮ ಬೀದಿಯಲ್ಲಿ ಟ್ಯಾಂಕರಿಗೆ ಕಾದು ನಿಂತವರಲ್ಲಿ ನಾನೂ ಒಬ್ಬ. ಹಾಗಾಗಿ ಪೈಪ್ ಹಿಡಿಯಲಿಲ್ಲ. ತಾರಸಿಯ ಮಳೆನೀರು, ಎರಡು ಬಕೆಟ್, ಸಾಕಾಯಿತು. ಮಳೆನೀರಲ್ಲಿ ಸುಣ್ಣದ ಕಲೆಯೂ ಉಳಿಯಲ್ಲ.

ಅಪ್ಪ ಕುರ್ಚಿ ಹಾಕಿಕೊಂಡು ಎಲ್ಲಾ ನೋಡ್ತಾ ಇದ್ದರು. "ಇಷ್ಟೆಲ್ಲಾ ಮಾಡಿ ಹೊಳಪೇ ಬರ್ಲಿಲ್ವಲ್ಲೋ" ಅಂದರು. ಹೊಳೀಬಾರದಪ್ಪಾ, ಅದೇ ಅದರ ಚೆಂದ ಅಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಈ ಸಲದ ಆಯುಧಪೂಜೆಗೆ ನಿಂಬೆಹಣ್ಣು ಮಾತ್ರ ಅವರ ಕೈಯಲ್ಲೇ ಇಡಿಸಬೇಕು.