ವೈದ್ಯರ ಶ್ರಮವನ್ನು ಅಳೆದ ಅರ್ಥಶಾಸ್ತ್ರಜ್ಞ

ರೋಗಿಯ ತೊಂದರೆಯನ್ನು ಕೇಳಿ ರೋಗ ಪತ್ತೆಮಾಡುವುದು ಹೆಚ್ಚಿನ ಕೆಲಸವೋ, ಶಸ್ತ್ರಕ್ರಿಯೆ ಹೆಚ್ಚಿನದೋ? ಅಮೆರಿಕದಲ್ಲಿ ಹಿರಿಯರಿಗಾಗಿ 1965ರ ಕಾನೂನಿನಿಂದ ರೂಪುಗೊಂಡ ಮೆಡಿಕೇರ್ ವಿಮೆಯು ವೈದ್ಯರ ರೂಢಿಯ ಶುಲ್ಕವನ್ನೇ ಆಧಾರವಾಗಿಟ್ಟುಕೊಂಡಿತು. ಇದರಿಂದ ಶಸ್ತ್ರಕ್ರಿಯೆಗೆ ಹೆಚ್ಚು, ಸಮಾಲೋಚನೆಗೆ ಕಡಿಮೆ ಹಣ ಸಲ್ಲುತ್ತಿತ್ತು.

ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಷಿಯಾವ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಅರ್ಥಶಾಸ್ತ್ರದ ಜೊತೆಗೆ ವಿಮಾಗಣಿತವನ್ನೂ ಬಲ್ಲವರು. ಪ್ರತಿ ವಿಭಾಗದಲ್ಲೂ ಪರಿಚಿತವಾದ ಒಂದು ಸೇವೆಗೆ 100 ಅಂಕ ನೀಡಿ, ಉಳಿದವು ಅದರ ಎಷ್ಟು ಪಟ್ಟು ಎಂದು ಅವರ ತಂಡ ವೈದ್ಯರನ್ನೇ ಕೇಳಿತು. ಬೆಳಕು, ಶಬ್ದಗಳ ಅನುಭವವನ್ನು ಅಳೆಯಲು ಮನೋವಿಜ್ಞಾನಿಗಳು ಬಳಸುತ್ತಿದ್ದ ವಿಧಾನವಿದು. ತಗಲುವ ಸಮಯ, ಬೌದ್ಧಿಕ ಶ್ರಮ, ಕೌಶಲ, ಮಾನಸಿಕ ಒತ್ತಡ ಇವೆಲ್ಲ ಲೆಕ್ಕಕ್ಕೆ ಬಂದವು. ಚಿಕಿತ್ಸಾಲಯದ ಖರ್ಚೂ ಸೇರಿತು.

1988ರಲ್ಲಿ ಫಲಿತಾಂಶ ಪ್ರಕಟವಾಯಿತು. ಮರುವರ್ಷ ಸಂಸತ್ತು ಈ ಪದ್ಧತಿಯನ್ನು ಅಂಗೀಕರಿಸಿತು; 1992ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅದೇ ವರ್ಷಗಳಲ್ಲಿ ಷಿಯಾವ್ ತೈವಾನ್ ಸರ್ಕಾರಕ್ಕೂ ಸಲಹೆಗಾರರಾಗಿದ್ದರು. 1995ರ ಮಾರ್ಚ್ 1ರಂದು ಅಲ್ಲಿ ಎಲ್ಲರಿಗೂ ಒಂದೇ ರಾಷ್ಟ್ರೀಯ ಆರೋಗ್ಯ ವಿಮೆ ಆರಂಭವಾಯಿತು.

ಅಮೆರಿಕದಲ್ಲಿ ಅಂಕಗಳ ಪರಿಷ್ಕರಣೆಗೆ ಸಲಹೆ ನೀಡಲು ವೈದ್ಯರ ಸಂಘವೇ ಸಮಿತಿ ರಚಿಸಿತು. ಅದರಲ್ಲಿ ತಜ್ಞವೈದ್ಯರದೇ ಬಹುಮತ. ಹೀಗಾಗಿ ಕುಟುಂಬ ವೈದ್ಯರ ಹಾಗೂ ಶಸ್ತ್ರವೈದ್ಯರ ಆದಾಯದ ಅಂತರ ಇಂದಿಗೂ ಅಳಿದಿಲ್ಲ. ಅಳತೆಯ ವಿಧಾನದಷ್ಟೇ ಅಳೆಯುವವರು ಯಾರು ಎಂಬುದೂ ಮುಖ್ಯ.