ತುಂಗಭದ್ರೆಯ ದಡದ ಮಂಚಾಲೆ

ತುಂಗಭದ್ರೆಯ ದಕ್ಷಿಣ ದಡದಲ್ಲಿದ್ದ ಮಂಚಾಲೆ ಎಂಬ ಪುಟ್ಟ ಹಳ್ಳಿಯೇ ಇಂದಿನ ಮಂತ್ರಾಲಯ. ಇಲ್ಲಿನ ಮಠದ ಪರಂಪರೆಯಂತೆ, ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಮಂಚಾಲೆಯನ್ನು ಮಾಧ್ವ ಯತಿ ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟ. 1671ರ ಶ್ರಾವಣ ಬಹುಳ ಬಿದಿಗೆಯಂದು ಅವರು ಇಲ್ಲಿ ಬೃಂದಾವನಸ್ಥರಾದರು, ಅಂದರೆ ಸಜೀವವಾಗಿ ಸಮಾಧಿ ಹೊಕ್ಕರು. ಮುಸ್ಲಿಂ ಅಧಿಕಾರಿ ಕೊಟ್ಟ ನೆಲದಲ್ಲಿ ಮಾಧ್ವ ಯತಿಯ ಸನ್ನಿಧಿ ನಿಂತಿತೆಂಬುದು ಈ ಸೀಮೆಯ ಚರಿತ್ರೆಯಲ್ಲಿ ಮರೆಯಬಾರದ ಮಾತು.

ಹೊಳೆಯಾಚೆ, ರಾಯಚೂರು ಜಿಲ್ಲೆಯಲ್ಲಿ, ಶಿಷ್ಯ ಅಪ್ಪಣಾಚಾರ್ಯರ ಊರು ಬಿಚ್ಚಾಲಿ. ಗುರುಗಳು ಬೃಂದಾವನ ಪ್ರವೇಶಿಸುವ ಸುದ್ದಿ ಕೇಳಿ, ತುಂಬಿದ ಹೊಳೆ ದಾಟುತ್ತಲೇ ಅಪ್ಪಣಾಚಾರ್ಯರು ಗುರುಗಳ ಸ್ತೋತ್ರ ಕಟ್ಟಿದರೆಂಬ ಕಥೆಯನ್ನು ಅಜ್ಜಿಯರು ಇಂದಿಗೂ ಮೊಮ್ಮಕ್ಕಳಿಗೆ ಹೇಳುತ್ತಾರೆ. ಸಾಮಾನ್ಯರನ್ನು ದಾಟಿಸುತ್ತಿದ್ದುದು ಅಂಬಿಗರ ಹರಿಗೋಲು: ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡು ಬುಟ್ಟಿ. ಮೀನಿಗೆ ಬಲೆ ಬೀಸುವುದೂ ಅದರಲ್ಲೇ.

ಯಾತ್ರಿಕರು ಹೊಳೆಯಲ್ಲಿ ಮಿಂದು, ಮೊದಲು ಗ್ರಾಮದೇವತೆ ಮಂಚಾಲಮ್ಮನಿಗೆ ಕೈಮುಗಿದು, ಬಳಿಕ ಬೃಂದಾವನದ ಕಡೆಗೆ ನಡೆಯುವುದು ರೂಢಿ. ಬೃಂದಾವನದ ಪವಿತ್ರ ಮಣ್ಣು, ಮೃತ್ತಿಕೆ, ಅವರೊಂದಿಗೆ ಮನೆಗೆ ಹೋಗುತ್ತದೆ. ಹರಕೆಯಿಂದ ಹುಟ್ಟಿದ ಮಗು ರಾಘವೇಂದ್ರನಾಗುತ್ತದೆ.

1953ರ ಅಕ್ಟೋಬರ್ 1ರಂದು ಮಂತ್ರಾಲಯವಿದ್ದ ಆದೋನಿ, ಜೊತೆಗೆ ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. 2009ರ ಅಕ್ಟೋಬರ್ ನೆರೆಯಲ್ಲಿ ಮಂತ್ರಾಲಯ ಮುಳುಗಿತು. ಆದರೂ ಕನ್ನಡದ ಮನೆಗಳಿಂದ ರಾಯರ ಪುಣ್ಯದಿನದ ಆರಾಧನೆಗೆ ಹೊರಡುವವರು ಇಂದಿಗೂ ಈ ಹೊಳೆಗೇ ಬರುತ್ತಾರೆ.