ಆದಿಯಿಲ್ಲದ ವಿಶ್ವಕ್ಕೆ ಕೊಟ್ಟ ಸೊನ್ನೆ

2025ರ ಮೇ 20ರಂದು ಪುಣೆಯಲ್ಲಿ ಜಯಂತ ವಿಷ್ಣು ನಾರ್ಳೀಕರ್ ತೀರಿಕೊಂಡರು. ಮರುದಿನ ಪತ್ರಿಕೆಯಲ್ಲಿ ಅವರ ಭಾವಚಿತ್ರ ಕಂಡಾಗ ನನಗೆ ಮೊದಲು ನೆನಪಾದದ್ದು ಅವರ ಗಣಿತವಲ್ಲ, ಅವರ ಮರಾಠಿ ವಿಜ್ಞಾನ ಕಥೆಗಳೂ ಅಲ್ಲ. ಬಹಳ ವರ್ಷಗಳ ಹಿಂದೆ ನಾನು ಒಬ್ಬ ಹುಡುಗನಿಗೆ ಕೊಟ್ಟಿದ್ದ ಸೊನ್ನೆ.

ಆಗ ನಾನು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಕಿರುಪರೀಕ್ಷೆಯಲ್ಲಿ ‘ವಿಶ್ವದ ಉಗಮವನ್ನು ಕುರಿತು ಟಿಪ್ಪಣಿ ಬರೆಯಿರಿ’ ಎಂದು ಐದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ನಾನು ಬರೆಸಿದ ನೋಟ್ಸನ್ನೇ ಒಪ್ಪಿಸಿದ್ದರು. ಒಬ್ಬ ಮಾತ್ರ, ವಿಶ್ವಕ್ಕೆ ಉಗಮವೇ ಇಲ್ಲ, ಅದು ಯಾವಾಗಲೂ ಹೀಗೆಯೇ ಇತ್ತು, ಹಿಗ್ಗಿದಷ್ಟೂ ಹೊಸ ಹೈಡ್ರೋಜನ್ ಹುಟ್ಟಿ ಖಾಲಿ ಜಾಗ ತುಂಬಿಕೊಳ್ಳುತ್ತದೆ ಎಂದು ಎರಡು ಪುಟ ಬರೆದಿದ್ದ. ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಪುರಾಣ ಬೇಡ’ ಎಂದು ಬರೆದೆ.

ಹುಡುಗ ಸಂಜೆ ಸ್ಟಾಫ್ ರೂಮಿಗೆ ಬಂದ. “ಸಾರ್, ಇದು ನಮ್ಮ ಲೈಬ್ರರಿ ಪುಸ್ತಕದಲ್ಲೇ ಇದೆ.”

“ಹಳೇ ಪುಸ್ತಕ ಕಣಯ್ಯಾ. ಅದು ಸೋತುಹೋದ ಸಿದ್ಧಾಂತ.”

“ಹೇಗೆ ಸೋತಿತು ಸಾರ್?”

ನಾನು ಒಂದು ಕ್ಷಣ ತಡವರಿಸಿದೆ. ಆಮೇಲೆ, “ವಿಜ್ಞಾನಿಗಳೆಲ್ಲ ಹಾಗೇ ಹೇಳ್ತಾರೆ” ಎಂದೆ. ಅವನು ಸರಿ ಸಾರ್ ಎಂದು ಉತ್ತರಪತ್ರಿಕೆ ಮಡಿಸಿಕೊಂಡು ಹೊರಟುಹೋದ. ಅವನ ಪ್ರಶ್ನೆ ನನ್ನಲ್ಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಂತೆ, ಆ ಸೋಲಿನ ಕಥೆ ಗೆಲುವಿನ ಕಥೆಗಿಂತ ಹೆಚ್ಚು ಕಲಿಸುವಂಥದ್ದು ಎಂದು ತಿಳಿಯಿತು.

ಗೆಲಾಕ್ಸಿಗಳು ನಮ್ಮಿಂದ ದೂರ ಓಡುತ್ತಿವೆ, ದೂರದವು ಹೆಚ್ಚು ವೇಗವಾಗಿ ಓಡುತ್ತಿವೆ ಎಂಬುದನ್ನು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ. ಬೆಲ್ಜಿಯಂನ ಪಾದ್ರಿ ಜಾರ್ಜ್ ಲಮೆತ್ರ್ 1927ರಲ್ಲೇ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿದ್ದ. 1931ರಲ್ಲಿ, ಎಲ್ಲವೂ ಒಂದು ‘ಆದಿಮ ಪರಮಾಣು’ವಿನಿಂದ ಸಿಡಿದು ಬಂದಿರಬೇಕು ಎಂದ. ಓಟವನ್ನು ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಒಂದೆಡೆ ಸೇರುವ ಗಳಿಗೆ ಸಿಗುತ್ತದೆ. ಆದರೆ ಹಬಲ್ ಕೊಟ್ಟ ವೇಗದಿಂದ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಮಾತ್ರ. ಅತ್ತ ಭೂವಿಜ್ಞಾನಿಗಳು ವಿಕಿರಣಶೀಲ ಧಾತುಗಳ ಲೆಕ್ಕದಿಂದ ಭೂಮಿಗೇ 300 ಕೋಟಿ ವರ್ಷಕ್ಕೂ ಮೇಲಾಗಿದೆ ಎನ್ನುತ್ತಿದ್ದರು. ಅಜ್ಜನಿಗಿಂತ ಮೊಮ್ಮಗ ದೊಡ್ಡವನಾದಂತಾಯಿತು! 1940ರ ದಶಕದಲ್ಲಿ ‘ಆದಿ’ಯನ್ನು ನಂಬದಿರಲು ಇದು ಗಟ್ಟಿಯಾದ ಕಾರಣವಾಗಿತ್ತು. ಇದನ್ನು ನಾನು ಆ ಹುಡುಗನಿಗೆ ಹೇಳಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ.

ಈ ತೊಡಕಿಗೆ ಪರಿಹಾರ ಹುಡುಕಿದವರು ಮೂವರು. ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ವಿಯೆನ್ನಾದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನ ಸರ್ಕಾರ ಅವರನ್ನು ಶತ್ರುದೇಶದವರೆಂದು ಹಿಡಿದು ಕೆನಡಾದ ಶಿಬಿರದಲ್ಲಿ ಕೂಡಿಹಾಕಿತು. ಆಮೇಲೆ ಅದೇ ಸರ್ಕಾರ ಅವರನ್ನು ನೌಕಾದಳದ ರೇಡಾರ್ ಕೆಲಸಕ್ಕೆ ಕರೆಯಿತು. ಅಲ್ಲಿ ಜೊತೆಯಾದವನು ಯಾರ್ಕ್‌ಷೈರಿನ ಫ್ರೆಡ್ ಹಾಯ್ಲ್. ನೇರ ಮಾತಿನ, ಜಗಳಕ್ಕೆ ಹಿಂಜರಿಯದ ಮನುಷ್ಯ. ಯುದ್ಧ ಮುಗಿದ ಮೇಲೆ ಮೂವರೂ ಕೇಂಬ್ರಿಜ್‌ನಲ್ಲಿದ್ದಾಗ ‘ಡೆಡ್ ಆಫ್ ನೈಟ್’ ಎಂಬ ದೆವ್ವದ ಸಿನಿಮಾ ನೋಡಿದರು. ಅದರ ಕಥೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೇ ಬಂದು ಮುಗಿಯುತ್ತದೆ. ವಿಶ್ವವೂ ಹೀಗೇ ಇದ್ದರೆ ಎಂದು ಗೋಲ್ಡ್ ಕೇಳಿದನಂತೆ. ಇದು ಹಾಯ್ಲ್ ತಾನೇ ಹೇಳಿಕೊಂಡ ಕಥೆ.

1948ರಲ್ಲಿ ಎರಡು ಪ್ರಬಂಧಗಳು ಬಂದವು, ಬಾಂಡಿ–ಗೋಲ್ಡರದು ಒಂದು, ಹಾಯ್ಲ್‌ನದು ಇನ್ನೊಂದು. ಇದೇ ಸ್ಥಿರಸ್ಥಿತಿ ಸಿದ್ಧಾಂತ. ಸ್ಥಿರ ಎಂದರೆ ಚಲನೆಯಿಲ್ಲ ಎಂದಲ್ಲ. ಕೋಡಿ ಹರಿಯುತ್ತಿರುವ ಕೆರೆಯನ್ನು ನೆನೆಸಿಕೊಳ್ಳಿ. ಒಂದು ಕಡೆಯಿಂದ ಹಳ್ಳದ ನೀರು ಬರುತ್ತದೆ, ಇನ್ನೊಂದು ಕಡೆ ಕೋಡಿಯಲ್ಲಿ ಹೋಗುತ್ತದೆ. ನೀರು ಬೇರೆಯಾದರೂ ಮಟ್ಟ ಒಂದೇ. ಹಾಗೆ ಗೆಲಾಕ್ಸಿಗಳು ದೂರ ಸರಿದಂತೆ ನಡುವಿನ ಜಾಗದಲ್ಲಿ ಹೊಸ ದ್ರವ್ಯ ಹುಟ್ಟಿ ಹೊಸ ಗೆಲಾಕ್ಸಿಗಳಾಗುತ್ತವೆ. ವಿಶ್ವ ಎಲ್ಲಿಂದ ನೋಡಿದರೂ, ಯಾವಾಗ ನೋಡಿದರೂ, ಒಟ್ಟಿನಲ್ಲಿ ಒಂದೇ ತೆರ. ಇದಕ್ಕೆ ಬೇಕಾದ ಸೃಷ್ಟಿಯೂ ಅತ್ಯಲ್ಪ: ಒಂದು ಘನ ಮೀಟರ್ ಜಾಗದಲ್ಲಿ ಕೋಟ್ಯಂತರ ವರ್ಷಗಳಿಗೆ ಒಂದು ಹೈಡ್ರೋಜನ್ ಪರಮಾಣು. ಯಾವ ಪ್ರಯೋಗಾಲಯದಲ್ಲಿಯೂ ಅದನ್ನು ಹಿಡಿಯಲಾಗದು. ಶೂನ್ಯದಿಂದ ದ್ರವ್ಯ ಹೇಗೆ ಹುಟ್ಟೀತು ಎಂದು ಕೇಳಿದವರಿಗೆ ಹಾಯ್ಲ್‌ನ ಮರುಪ್ರಶ್ನೆ ಸಿದ್ಧವಾಗಿತ್ತು: ನೀವು ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಹುಟ್ಟಿಸುತ್ತೀರಲ್ಲ, ಅದು ಹೇಗೆ?

1949ರ ಮಾರ್ಚ್ 28ರಂದು ಬಿ.ಬಿ.ಸಿ. ರೇಡಿಯೋ ಭಾಷಣದಲ್ಲಿ ಹಾಯ್ಲ್ ಎದುರಾಳಿಗಳ ಮತಕ್ಕೆ ‘ಬಿಗ್ ಬ್ಯಾಂಗ್’ ಎಂದು ಹೆಸರಿಟ್ಟ. ನಾವು ಮಹಾಸ್ಫೋಟ ಎನ್ನುವ ಮಾತಿನ ಮೂಲ ಇದೇ. ಒಂದು ಸಿದ್ಧಾಂತಕ್ಕೆ ಅದರ ವಿರೋಧಿಯೇ ನಾಮಕರಣ ಮಾಡಿದ್ದು ವಿಚಿತ್ರ. ಅದಕ್ಕಿಂತ ವಿಚಿತ್ರ ಮುಂದಿದೆ.

ಮಹಾಸ್ಫೋಟದ ಕಡೆಯ ದೊಡ್ಡ ಹೆಸರು ಜಾರ್ಜ್ ಗ್ಯಾಮೋ. ಅವನೂ ಶಿಷ್ಯ ರಾಲ್ಫ್ ಆಲ್ಫರನೂ 1948ರಲ್ಲಿಯೇ, ಧಾತುಗಳೆಲ್ಲ ಆದಿಯ ಆ ಕುದಿಯಲ್ಲಿ ಬೆಂದವು ಎಂದು ವಾದಿಸಿದರು. ಆದರೆ ಹೀಲಿಯಂ ದಾಟಿ ಮುಂದಕ್ಕೆ ಅಡುಗೆ ಸಾಗಲಿಲ್ಲ. ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲಿಂದ ಬಂದವು? ಉತ್ತರ ಕೊಟ್ಟವನು ಹಾಯ್ಲ್. ಅವನಿಗೆ ಆದಿಯ ಒಲೆ ಇರಲಿಲ್ಲವಾದ್ದರಿಂದ ನಕ್ಷತ್ರಗಳೊಳಗೇ ಒಲೆ ಹುಡುಕಬೇಕಾಯಿತು. ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್ ಜೊತೆ 1957ರಲ್ಲಿ ಅವನು ಬರೆದ ಪ್ರಬಂಧ ಇಂದಿಗೂ ನಿಂತಿದೆ. ನಮ್ಮ ರಕ್ತದಲ್ಲಿರುವ ಕಬ್ಬಿಣ ನಕ್ಷತ್ರದಲ್ಲಿ ಬೆಂದದ್ದು ಎಂದು ಮೇಷ್ಟರುಗಳು ಹೇಳುವುದು ಈ ಕೆಲಸದ ಬಲದ ಮೇಲೆಯೇ. ಸೋತ ಸಿದ್ಧಾಂತದ ಒತ್ತಾಯದಿಂದ ಗೆದ್ದ ಸಿದ್ಧಾಂತದ ದೊಡ್ಡ ಕೊರತೆ ತುಂಬಿತು. ಇಷ್ಟೇ ಅಲ್ಲ: 1964ರಲ್ಲಿ ಹಾಯ್ಲ್ ಮತ್ತು ರೋಜರ್ ಟೇಲರ್ ಹೀಲಿಯಂ ಲೆಕ್ಕಕ್ಕೆ ಕುಳಿತಾಗ, ವಿಶ್ವದಲ್ಲಿ ಕಾಣುವಷ್ಟು ಹೀಲಿಯಂ ಸಾಮಾನ್ಯ ನಕ್ಷತ್ರಗಳಿಂದ ಬರಲಾರದು, ಇನ್ನೂ ಬಹಳ ಬಿಸಿಯಾದ ಒಲೆ ಬೇಕು ಎಂಬುದು ಹೊರಬಿತ್ತು. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಬರೆದು ಅಚ್ಚು ಹಾಕಿಸಿದ ಈ ಮನುಷ್ಯನನ್ನು ಬರೀ ಹಟಮಾರಿ ಎನ್ನುವುದು ಹೇಗೆ?

ಈ ನಡುವೆ ವಯಸ್ಸಿನ ತೊಡಕು ತಾನಾಗಿ ಸಡಿಲವಾಗುತ್ತ ಬಂದಿತ್ತು. ಹಬಲ್ ಬಳಸಿದ ಅಳತೆಗೋಲಿನಲ್ಲಿಯೇ ದೋಷವಿದೆ, ದೂರಗಳನ್ನು ಇಮ್ಮಡಿ ಮಾಡಬೇಕು ಎಂದು ವಾಲ್ಟರ್ ಬಾಡೆ 1952ರಲ್ಲಿ ಹೇಳಿದ. ವಿಶ್ವದ ವಯಸ್ಸೂ ಇಮ್ಮಡಿಯಾಯಿತು. ಮುಂದೆ ಇನ್ನೂ ಹೆಚ್ಚಿತು.

ನಿಜವಾದ ಪೆಟ್ಟು ಕೊಟ್ಟದ್ದು ರೇಡಿಯೋ ದೂರದರ್ಶಕ. ಸ್ಥಿರಸ್ಥಿತಿಯ ದೊಡ್ಡಗುಣವೇ ಅದರ ದೌರ್ಬಲ್ಯ: ಅದಕ್ಕೆ ತಪ್ಪಿಸಿಕೊಳ್ಳಲು ಸಂದಿಯಿಲ್ಲ. ದೂರ ನೋಡುವುದೆಂದರೆ ಹಿಂದಿನ ಕಾಲ ನೋಡುವುದು. ಹಿಂದೆಯೂ ವಿಶ್ವ ಹೀಗೇ ಇದ್ದರೆ ದೂರದಲ್ಲಿಯೂ ಇಲ್ಲಿಯಷ್ಟೇ ದಟ್ಟಣೆ ಕಾಣಬೇಕು. ಕೇಂಬ್ರಿಜ್‌ನಲ್ಲಿಯೇ ಇದ್ದ ಮಾರ್ಟಿನ್ ರೈಲ್ ರೇಡಿಯೋ ಮೂಲಗಳನ್ನು ಎಣಿಸಿ, ಮಂಕಾದವು ಬೇಕಾದದ್ದಕ್ಕಿಂತ ಬಹಳ ಹೆಚ್ಚಿವೆ ಎಂದು 1955ರಲ್ಲಿ ಸಾರಿದ. ಆದರೆ ಆಸ್ಟ್ರೇಲಿಯಾದವರು ಮತ್ತೆ ಎಣಿಸಿದಾಗ ರೈಲ್‌ನ ಪಟ್ಟಿಯಲ್ಲಿ ತಪ್ಪುಗಳ ರಾಶಿಯೇ ಸಿಕ್ಕಿತು. ಹಾಯ್ಲ್‌ಗೆ ಆಗ ನಗಲು ಅವಕಾಶ. 1961ರ ಹೊತ್ತಿಗೆ ರೈಲ್ ಹೆಚ್ಚು ಎಚ್ಚರಿಕೆಯಿಂದ ಎಣಿಸಿಕೊಂಡು ಬಂದ. ಮಂಕು ಮೂಲಗಳು ಈಗಲೂ ಹೆಚ್ಚೇ ಇದ್ದವು. ಅಂದರೆ ಹಿಂದಿನ ವಿಶ್ವ ಇಂದಿನಂತೆ ಇರಲಿಲ್ಲ.

ನಾರ್ಳೀಕರ್ ಕಥೆಯೊಳಕ್ಕೆ ಬರುವುದು ಇಲ್ಲಿ. ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ, ತಂದೆ ಗಣಿತ ಪ್ರಾಧ್ಯಾಪಕರಾಗಿದ್ದ ಬನಾರಸ್‌ನಲ್ಲಿ ಬೆಳೆದು, ಕೇಂಬ್ರಿಜ್‌ಗೆ ಹೋಗಿ ಹಾಯ್ಲ್‌ನ ಸಂಶೋಧನ ವಿದ್ಯಾರ್ಥಿಯಾದ ಯುವಕ. ರೈಲ್‌ನ ಎಣಿಕೆಗೆ ಗುರು–ಶಿಷ್ಯರು 1961ರಲ್ಲಿ ಸೇರಿ ಉತ್ತರ ಬರೆದರು. 1964ರಲ್ಲಿ ಅವರ ಹೊಸ ಗುರುತ್ವ ಸಿದ್ಧಾಂತ ಬಂದಾಗ ಭಾರತದ ಪತ್ರಿಕೆಗಳು ಹಿಗ್ಗಿಹೋದವು. ಮರುವರ್ಷ, ಇನ್ನೂ 26ರ ನಾರ್ಳೀಕರರಿಗೆ ಪದ್ಮಭೂಷಣ ಬಂತು.

ಅದೇ 1965ರಲ್ಲಿ ಸಿಡಿಲು ಬಡಿಯಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಕಂಪನಿಯ ಆರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್ ಇಬ್ಬರೂ ಕೊಂಬಿನಾಕಾರದ ಆಂಟೆನಾದಲ್ಲಿ ಹೋಗಲಾಡಿಸಲಾಗದ ಒಂದು ಗೊರಗೊರ ಸದ್ದು ಹಿಡಿದರು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಅವುಗಳ ಹಿಕ್ಕೆ ಉಜ್ಜಿ ತೊಳೆದರೂ ಸದ್ದು ಹೋಗಲಿಲ್ಲ. ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬರುತ್ತಿದ್ದ, ಸುಮಾರು 3 ಕೆಲ್ವಿನ್ ಉಷ್ಣತೆಯ ವಿಕಿರಣ ಅದು. ಆದಿಯ ಕುದಿ ಆರಿದ ಮೇಲೆ ಇಂಥ ಬೆಚ್ಚಗಿನ ಶೇಷ ಉಳಿದಿರಬೇಕೆಂದು ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲಿಯೇ ಹೇಳಿದ್ದರು. ಸ್ಥಿರಸ್ಥಿತಿಯಲ್ಲಿ ಇದಕ್ಕೆ ಸಹಜವಾದ ಜಾಗವೇ ಇರಲಿಲ್ಲ.

ನಮ್ಮ ಕಡೆಗೂ ಈ ವ್ಯಾಜ್ಯ ಬಂತು. ಗೋವಿಂದ ಸ್ವರೂಪ್ ನೇತೃತ್ವದಲ್ಲಿ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ 1970ರಲ್ಲಿ ಕೆಲಸ ಶುರುಮಾಡಿತು. ಚಂದ್ರ ಅಡ್ಡ ಬಂದಾಗ ರೇಡಿಯೋ ಮೂಲಗಳು ಮರೆಯಾಗುವುದನ್ನು ಗಮನಿಸಿ ಅವುಗಳ ಗಾತ್ರ ಅಳೆಯುವುದು ಅಲ್ಲಿನ ವಿಧಾನ. ಸ್ವರೂಪ್ ಮತ್ತು ವಿಜಯ ಕಪಾಹಿ 1975ರಲ್ಲಿ ಪ್ರಕಟಿಸಿದ ಫಲಿತಾಂಶಗಳೂ ವಿಶ್ವ ಕಾಲದೊಂದಿಗೆ ಬದಲಾಗಿದೆ ಎಂಬ ಕಡೆಗೇ ವಾಲಿದವು. ಊಟಿಯ ದೂರದರ್ಶಕ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯದು. 1972ರಲ್ಲಿ ಭಾರತಕ್ಕೆ ಮರಳಿದ ನಾರ್ಳೀಕರ್ ಪ್ರಾಧ್ಯಾಪಕರಾಗಿದ್ದದ್ದೂ ಅದೇ ಸಂಸ್ಥೆಯಲ್ಲಿ. ಒಂದೇ ಮನೆಯ ಅಂಗಳದಲ್ಲಿ ವಾದಿ–ಪ್ರತಿವಾದಿ ಇಬ್ಬರೂ ಇದ್ದರು, ಮನೆ ಒಡೆಯಲಿಲ್ಲ.

ಕೋಬೆ ಉಪಗ್ರಹ 1990ರಲ್ಲಿ ಆ ವಿಕಿರಣದ ರೋಹಿತವನ್ನು ಕರಾರುವಾಕ್ಕಾಗಿ ಅಳೆದ ಮೇಲೆ ಹೆಚ್ಚಿನವರಿಗೆ ಸಂಶಯ ಉಳಿಯಲಿಲ್ಲ. ಹಾಯ್ಲ್, ಜೆಫ್ರಿ ಬರ್ಬಿಜ್ ಮತ್ತು ನಾರ್ಳೀಕರ್ ಮಾತ್ರ 1993ರಲ್ಲಿ ತಿದ್ದಿದ ರೂಪವೊಂದನ್ನು ಮುಂದಿಟ್ಟರು. ಇದರಲ್ಲಿ ಸೃಷ್ಟಿ ಗೆಲಾಕ್ಸಿಗಳ ಗರ್ಭಗಳಲ್ಲಿ ಕಿರುಸ್ಫೋಟಗಳಾಗಿ ನಡೆಯುತ್ತದೆ. ವಿಶ್ವ ಹಿಗ್ಗುತ್ತ ಕುಗ್ಗುತ್ತ ದೀರ್ಘಕಾಲದಲ್ಲಿ ಹಿಗ್ಗುತ್ತಲೇ ಹೋಗುತ್ತದೆ. ಹಿನ್ನೆಲೆ ವಿಕಿರಣವೆಂದರೆ ಹಳೆಯ ನಕ್ಷತ್ರಗಳ ಬೆಳಕನ್ನು ಕಬ್ಬಿಣದ ಸೂಕ್ಷ್ಮ ಎಳೆಗಳು ಹೀರಿ ಮತ್ತೆ ಸೂಸಿದ್ದು. ಓದಿದಾಗ ನನಗೆ ಹಳೆಯ ಮನೆಗೆ ಊರುಗೋಲುಗಳನ್ನು ಒಂದೊಂದಾಗಿ ಕೊಡುತ್ತಿರುವಂತೆ ಅನ್ನಿಸಿತು. ಮುಂದೆ ಉಪಗ್ರಹಗಳು ಆ ವಿಕಿರಣದ ಸಣ್ಣ ಏರಿಳಿತಗಳನ್ನು ಅಳೆದಾಗ ಮಹಾಸ್ಫೋಟದ ಲೆಕ್ಕ ಹೊಂದಿದಷ್ಟು ಇದು ಹೊಂದಲಿಲ್ಲ. ಹಾಯ್ಲ್ 2001ರಲ್ಲಿ, ಬರ್ಬಿಜ್ 2010ರಲ್ಲಿ ಹೋದರು. ಕೊನೆಗೆ ಉಳಿದಿದ್ದವರು ನಾರ್ಳೀಕರ್.

ಆದರೂ ಸೋತವರ ಮಾತೆಲ್ಲ ಸುಳ್ಳಾಗಲಿಲ್ಲ. ವಿಶ್ವದ ಹಿಗ್ಗುವಿಕೆಯ ವೇಗ ತಗ್ಗುತ್ತಿರಬೇಕು ಎಂದೇ ಹೆಚ್ಚಿನವರು ಎಣಿಸಿದ್ದರು. ಅದು ಹೆಚ್ಚುತ್ತಿರಬೇಕು ಎನ್ನುವುದು ಸ್ಥಿರಸ್ಥಿತಿಯ ಲೆಕ್ಕ. 1998ರಲ್ಲಿ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು, ವೇಗ ಹೆಚ್ಚುತ್ತಿದೆ ಎಂದವು. ಕಾರಣ ಹಾಯ್ಲ್ ಹೇಳಿದ್ದಲ್ಲ, ಆದರೆ ದಿಕ್ಕು ಅದೇ.

ಇತ್ತೀಚಿನ ಇನ್ನೊಂದು ಸಂಗತಿ ನಮ್ಮ ನೀರಿನ ಮೇಲೆಯೇ ನಡೆಯಿತು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಎಡ್ಜಸ್ ಎಂಬ ಉಪಕರಣ, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತನ್ನು 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಿಡಿದಿದೆ ಎಂದು 2018ರಲ್ಲಿ ಸುದ್ದಿಯಾಯಿತು. ಆ ಗುರುತು ನಿರೀಕ್ಷೆಗಿಂತ ಇಮ್ಮಡಿಗೂ ಹೆಚ್ಚು ಆಳವಾಗಿತ್ತು. ಅದನ್ನು ವಿವರಿಸಲು ಹೊಸ ಹೊಸ ಭೌತಶಾಸ್ತ್ರವನ್ನೇ ಕಟ್ಟತೊಡಗಿದರು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ಸರಸ್ ಎಂಬ ತಮ್ಮ ಆಂಟೆನಾವನ್ನು ತೆಪ್ಪದ ಮೇಲಿಟ್ಟು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದಡಿಯ ಕಲ್ಲುಮಣ್ಣು ಒಂದೊಂದು ಕಡೆ ಒಂದೊಂದು ತರ. ಆಳವಾದ ನೀರು ಎಲ್ಲ ಕಡೆ ಒಂದೇ ತರ ಎಂಬುದು ಕಾರಣ. ಅಂಥ ಗುರುತು ಆಕಾಶದಲ್ಲಿಲ್ಲ ಎಂದು ಅವರು 2022ರಲ್ಲಿ ವರದಿ ಮಾಡಿದರು. ನಾನು ಲಾಂಚಿನಲ್ಲಿ ಎಷ್ಟೋ ಸಲ ದಾಟಿದ ಹಿನ್ನೀರು ಅದು. ‘ಹೇಗೆ ಸೋತಿತು ಸಾರ್’ ಎಂಬ ಪ್ರಶ್ನೆಗೆ ಉತ್ತರ ಹೀಗಿರಬೇಕು: ಯಾರೋ ಒಬ್ಬರು ತೆಪ್ಪ ಕಟ್ಟಿ, ನೀರಿಗಿಳಿಸಿ, ಅಳೆದು ನೋಡಿದ್ದರಿಂದ.

ಆ ಉತ್ತರಪತ್ರಿಕೆ ಈಗ ಕೈಗೆ ಬಂದರೆ ನಾನು ಐದರಲ್ಲಿ ಮೂರು ಕೊಟ್ಟೇನು. 1961ರ ಎಣಿಕೆಯನ್ನೂ 1965ರ ವಿಕಿರಣವನ್ನೂ ಹೇಳದ್ದಕ್ಕೆ ಎರಡು ಕಳೆಯಲೇಬೇಕು. ಉಗಮವಿಲ್ಲ ಎಂಬ ತೀರ್ಮಾನ ನಿಲ್ಲುವುದಿಲ್ಲ. ಆದರೆ ಹುಡುಗ ಪುಸ್ತಕ ಹುಡುಕಿ ಓದಿದ್ದ, ವಾದ ಅರ್ಥಮಾಡಿಕೊಂಡಿದ್ದ, ತನ್ನ ಮಾತಿನಲ್ಲಿ ಬರೆದಿದ್ದ. ಅವನು ಪ್ರಶ್ನೆ ಕೇಳಿದಾಗ ವಿಜ್ಞಾನಿಗಳೆಲ್ಲ ಹಾಗೇ ಹೇಳುತ್ತಾರೆ ಎಂದ ಮೇಷ್ಟರ ಉತ್ತರಕ್ಕೆ ಮಾತ್ರ, ಈಗಲೂ, ಸೊನ್ನೆಯೇ.